ಕಡಲ ಕಾಳಗದ ಲೆಕ್ಕ ಯಾರ ತಲೆಯ ಮೇಲೆ?



2022ನೆಯ ಇಸವಿಯ ಫೆಬ್ರವರಿ 24ರಂದು ರಷ್ಯದ ಸೈನ್ಯ ಉಕ್ರೇನಿನೊಳಗೆ ನುಗ್ಗಿತು. ನಮ್ಮ ಹೋಟೆಲುಗಳ ಭಟ್ಟಿಯಲ್ಲಿ ಬೋಂಡಾ ಕರಿಯುತ್ತಿದ್ದವನಿಗೆ ಆ ದಿನ ಅದೊಂದು ದೂರದ ಸುದ್ದಿ. ಆದರೆ ಕೆಲವೇ ವಾರಗಳಲ್ಲಿ ಆ ಸುದ್ದಿ ಅವನ ಬಾಣಲೆಗೆ ಬಂದು ಮುಟ್ಟಿತು. ಕಪ್ಪು ಸಮುದ್ರದಲ್ಲಿ ರಷ್ಯದ ಯುದ್ಧನೌಕೆಗಳು ಒಡೆಸ್ಸಾ ಮೊದಲಾದ ಬಂದರುಗಳ ದಾರಿ ಕಟ್ಟಿ ನಿಂತವು. ನಮ್ಮ ದೇಶಕ್ಕೆ ಬರುತ್ತಿದ್ದ ಸೂರ್ಯಕಾಂತಿ ಎಣ್ಣೆಯಲ್ಲಿ ಬಹುಪಾಲು ಬರುತ್ತಿದ್ದದ್ದು ಅದೇ ಉಕ್ರೇನಿನಿಂದ. ಎಣ್ಣೆಯ ಡಬ್ಬದ ಬೆಲೆ ಏರಿತು. ಸೂರ್ಯಕಾಂತಿ ಏರಿದರೆ ತಾಳೆಎಣ್ಣೆ ಸುಮ್ಮನಿರುತ್ತದೆಯೇ? ಅದೂ ಏರಿತು. ಮಾಲಕರು ಲೆಕ್ಕದ ಪುಸ್ತಕ ತೆಗೆದು, "ಈಗ ಪಗಾರ ಹೆಚ್ಚಿಸುವ ಮಾತು ಬೇಡ" ಎಂದರು. ಸಂಜೆ ಖೋಲಿಗೆ ಹೋದರೆ ಅಲ್ಲಿಯೂ ಅದೇ ಎಣ್ಣೆ, ಅದೇ ಬೆಲೆ.

ಅಂದರೆ ಒಂದೇ ಸಮುದ್ರಯುದ್ಧಕ್ಕೆ ನಮ್ಮವನು ಎರಡು ಸಲ ತೆರಿಗೆ ಕೊಟ್ಟಂತಾಯಿತು. ಒಮ್ಮೆ ದುಡಿಯುವ ಕಡೆ, ಇನ್ನೊಮ್ಮೆ ಉಣ್ಣುವ ಕಡೆ.

ಈ ಮಾತನ್ನು ಇಲ್ಲಿ ಎತ್ತುವುದಕ್ಕೆ ಕಾರಣವಿದೆ. ನೌಕಾದಳ, ಯುದ್ಧನೌಕೆ, ಜಲಾಂತರ್ಗಾಮಿ ಎಂದರೆ ಅದು ದೊಡ್ಡವರ ವಿಷಯ, ದಿಲ್ಲಿಯವರ ವಿಷಯ, ನಮ್ಮಂಥವರಿಗೆ ಡಿಸೆಂಬರ್ ತಿಂಗಳ ನೌಕಾದಿನದಂದು ಗೇಟ್‌ವೇ ಎದುರು ದೀಪ ಹಚ್ಚಿದ ಹಡಗು ನೋಡಿ ಬರುವಷ್ಟೇ ಸಂಬಂಧ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಇದು ತಪ್ಪು ತಿಳುವಳಿಕೆ. ಬೆಟ್ಟದ ನೆಲ್ಲಿಕಾಯಿಯೂ ಸಮುದ್ರದ ಉಪ್ಪೂ ಒಂದೇ ಭರಣಿಯಲ್ಲಿ ಕೂಡುವ ಹಾಗೆ ಕಡಲ ಕಾಳಗವೂ ಕೂಲಿಕಾರನ ತಟ್ಟೆಯೂ ಎಂದಿನಿಂದಲೋ ಕೂಡಿಕೊಂಡು ಬಂದಿವೆ. ಮುಂಬಯಿಯಲ್ಲಿ ನೆಲೆಸಿದ ಕನ್ನಡಿಗ ದುಡಿಮೆಗಾರರ ಚರಿತ್ರೆಯಂತೂ ಮೊದಲಿನಿಂದ ಕೊನೆಯವರೆಗೆ ಸಮುದ್ರದ ನೀರಿನಲ್ಲಿ ನೆಂದ ಚರಿತ್ರೆ. ಅದನ್ನು ಒಂದಿಷ್ಟು ಬಿಡಿಸಿ ನೋಡೋಣ.

ನೌಕಾದಳದ ಕೆಲಸವೇನು?

ನೆಲದ ಮೇಲಿನ ಸೈನ್ಯ ಊರು ಹಿಡಿಯುತ್ತದೆ, ಗಡಿ ಕಾಯುತ್ತದೆ. ಸಮುದ್ರದ ಮೇಲೆ ಹಿಡಿಯಲು ಊರಿಲ್ಲ, ಬೇಲಿ ಹಾಕಲು ಗಡಿಯಿಲ್ಲ. ಅಲ್ಲಿ ಇರುವುದು ದಾರಿ ಮಾತ್ರ. ಆದ್ದರಿಂದ ಸಮುದ್ರದ ಯುದ್ಧವೆಂದರೆ ಮುಖ್ಯವಾಗಿ ದಾರಿಯ ಯುದ್ಧ. ನಮ್ಮ ಹಡಗು ಹೋಗಬೇಕು, ಬರಬೇಕು. ಶತ್ರುವಿನ ಹಡಗು ಹೋಗಲೂ ಕೂಡದು, ಬರಲೂ ಕೂಡದು. ನೌಕಾದಳದ ಮೊದಲ ಎರಡು ಕೆಲಸಗಳು ಇವೇ. ದಡಕ್ಕೆ ಸೈನ್ಯ ಇಳಿಸುವುದು, ದಡದ ಮೇಲೆ ಗುಂಡು ಹಾರಿಸುವುದು ಮೂರನೆಯದು. ಆಪತ್ತಿನಲ್ಲಿ ಸಿಕ್ಕಿದವರನ್ನು ಎತ್ತಿ ತರುವುದು ನಾಲ್ಕನೆಯದು.

ದಾರಿ ಕಟ್ಟುವ ಕೆಲಸ ಎಂಥದೆಂಬುದು ನಮ್ಮ ಕರಾವಳಿಯವರಿಗೆ ಹೊಸದಲ್ಲ. ಹದಿನಾರನೆಯ ಶತಮಾನದಲ್ಲಿ ಪೋರ್ತುಗೀಜರು ಬಂದು, ತಮ್ಮಿಂದ ರಹದಾರಿ ಚೀಟಿ ಕೊಂಡ ಹಡಗು ಮಾತ್ರ ಅರಬೀ ಸಮುದ್ರದಲ್ಲಿ ಓಡಾಡಬೇಕು ಎಂದು ಕಟ್ಟು ಮಾಡಿದರು. ಚೀಟಿಯಿಲ್ಲದ ಹಡಗನ್ನು ಹಿಡಿದರು, ಸುಟ್ಟರು. ಬಸರೂರು, ಹೊನ್ನಾವರ, ಮಂಗಳೂರುಗಳ ಅಕ್ಕಿ ಇಲ್ಲದೆ ಅವರ ಗೋವೆಗೆ ಊಟವಿರಲಿಲ್ಲ. ಆದರೆ ಆ ಅಕ್ಕಿ ಬೆಳೆದವನು ಅದನ್ನು ಯಾರಿಗೆ ಮಾರಬೇಕೆಂಬುದನ್ನು ಅವರ ಫಿರಂಗಿ ತೀರ್ಮಾನಿಸುತ್ತಿತ್ತು. ಉಳ್ಳಾಲದ ರಾಣಿ ಅಬ್ಬಕ್ಕ ಅವರಿಗೆ ಬಾಗಲಿಲ್ಲವೆಂದೇ ನಾವು ಇಂದಿಗೂ ಆಕೆಯನ್ನು ನೆನೆಯುತ್ತೇವೆ. ಗದ್ದೆಯಲ್ಲಿ ನಿಂತ ಒಕ್ಕಲಿಗನಿಗೆ ಸಮುದ್ರ ಕಾಣುತ್ತಿರಲಿಲ್ಲ. ಅವನ ಅಕ್ಕಿಯ ಬೆಲೆ ನಿಂತದ್ದು ಮಾತ್ರ ಸಮುದ್ರದ ಮೇಲೆ.

ಅಮೆರಿಕದ ದಿಗ್ಬಂಧನ, ಧಾರವಾಡದ ಹತ್ತಿ

ಗಿರಣಿಯಲ್ಲಿ ದುಡಿದ ನಮ್ಮ ಹಿರಿಯರು ಮುಖ್ಯವಾಗಿ ಗಮನಿಸಬೇಕಾದ ಕಥೆಯೊಂದಿದೆ. 1861ರಲ್ಲಿ ಅಮೆರಿಕದಲ್ಲಿ ಉತ್ತರದ ಸಂಸ್ಥಾನಗಳಿಗೂ ಗುಲಾಮಗಿರಿಯನ್ನು ಬಿಡಲೊಲ್ಲದ ದಕ್ಷಿಣದ ಸಂಸ್ಥಾನಗಳಿಗೂ ಯುದ್ಧ ಹತ್ತಿತು. ಆ ಏಪ್ರಿಲ್ 19ರಂದು ಅಧ್ಯಕ್ಷ ಲಿಂಕನ್ ದಕ್ಷಿಣದ ಬಂದರುಗಳಿಗೆಲ್ಲ ನೌಕಾ ದಿಗ್ಬಂಧನ ಸಾರಿದ. ದಕ್ಷಿಣದವರ ಬಲವೆಲ್ಲ ಇದ್ದದ್ದು ಹತ್ತಿಯಲ್ಲಿ. ಇಂಗ್ಲೆಂಡಿನ ಲ್ಯಾಂಕಶೈರ್ ಗಿರಣಿಗಳು ನೂಲುತ್ತಿದ್ದ ಹತ್ತಿಯಲ್ಲಿ ಐದರಲ್ಲಿ ನಾಲ್ಕು ಪಾಲು ಅಲ್ಲಿಯದೇ. ಹಡಗು ನಿಂತಿತು, ಹತ್ತಿ ನಿಂತಿತು, ಗಿರಣಿ ನಿಂತಿತು. ಲ್ಯಾಂಕಶೈರಿನಲ್ಲಿ ಲಕ್ಷಗಟ್ಟಲೆ ಕಾಮಗಾರರು ಕೆಲಸವಿಲ್ಲದೆ ಬೀದಿಗೆ ಬಿದ್ದರು.

ಆಗ ಇಂಗ್ಲೀಷರ ಕಣ್ಣು ತಿರುಗಿದ್ದು ಹಿಂದುಸ್ಥಾನದ ಕಡೆ, ಅದರಲ್ಲಿಯೂ ಗುಜರಾತ, ವರ್ಹಾಡ ಮತ್ತು ನಮ್ಮ ಧಾರವಾಡದ ಕಡೆ. ಧಾರವಾಡ ಸೀಮೆಯಲ್ಲಿ ಅಮೆರಿಕದ ಬೀಜ ಬಿತ್ತಿ ಬೆಳೆದ ಹತ್ತಿ ಅದಾಗಲೇ ಹೆಸರಾಗಿತ್ತು. ನಮ್ಮ ನಾಡಹತ್ತಿ ಘಟ್ಟ ಇಳಿದು ಕುಮಟೆಯ ಬಂದರಿನಿಂದ ಹೋಗುತ್ತಿದ್ದುದರಿಂದ ಪೇಟೆಯಲ್ಲಿ ಅದಕ್ಕೆ "ಕುಮಟಾ ಹತ್ತಿ" ಎಂದೇ ಹೆಸರು. ಈ ಹತ್ತಿಯನ್ನು ಬೇಗ ಸಾಗಿಸಬೇಕೆಂಬ ಆತುರದಲ್ಲಿಯೇ 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸ್ ಇಲಾಖೆಯಿಂದ ಬಿಡಿಸಿ ಮುಂಬಯಿ ಇಲಾಖೆಗೆ ಸೇರಿಸಿದರು. ಕಾರವಾರದಲ್ಲಿ ಬಂದರು ಬೆಳೆಸಲು ಹೊರಟರು. ಕನ್ನಡ ಕರಾವಳಿ ಎರಡು ಇಲಾಖೆಗಳಿಗೆ ಹರಿದು ಹಂಚಿಹೋದದ್ದರ ಹಿಂದೆ ಹತ್ತು ಸಾವಿರ ಮೈಲಿಯಾಚೆ ನಿಂತ ಯುದ್ಧನೌಕೆಗಳ ನೆರಳಿತ್ತು ಎಂದರೆ ಅದು ಉತ್ಪ್ರೇಕ್ಷೆಯಲ್ಲ.

ಮುಂಬಯಿಯಲ್ಲಿ ಹಣದ ಮಳೆ ಸುರಿಯಿತು. ಹತ್ತಿಯ ದಲಾಲರು ರಾತ್ರೋರಾತ್ರಿ ಕೋಟ್ಯಧೀಶರಾದರು. ಸಮುದ್ರ ತುಂಬಿಸಿ ಭೂಮಿ ಮಾಡುವ ಕಂಪೆನಿಗಳು ಹುಟ್ಟಿದವು. ಬ್ಯಾಕ್‌ಬೇ ಕಂಪೆನಿಯ ಷೇರಿಗಾಗಿ ಜನ ಹುಚ್ಚಾದರು. 1865ರ ಏಪ್ರಿಲಿನಲ್ಲಿ ಅಮೆರಿಕದ ಯುದ್ಧ ಮುಗಿಯಿತು. ದಿಗ್ಬಂಧನ ತೆರೆಯಿತು. ಹತ್ತಿಯ ಬೆಲೆ ಪಾತಾಳಕ್ಕಿಳಿಯಿತು. ಅದೇ ಜುಲೈ 1ರಂದು ಮುಂಬಯಿಯ ಸಾಹುಕಾರಿ ಪೇಟೆ ಕುಸಿದುಬಿತ್ತು. ಸಾಲ ತೆಗೆದು ಹತ್ತಿ ಬಿತ್ತಿದ ರೈತನ ಕೈಯಲ್ಲಿ ಉಳಿದದ್ದು ಸಾಲದ ಪತ್ರ ಮಾತ್ರ.

ಇಲ್ಲಿ ಎರಡು ಸಂಗತಿಗಳನ್ನು ಮನಸ್ಸಿನಲ್ಲಿಡಬೇಕು. ಒಂದು, ಆ ಯುದ್ಧದಲ್ಲಿ ಲಾಭ ತಿಂದವರು ಬೇರೆ, ನಷ್ಟ ಹೊತ್ತವರು ಬೇರೆ. ಎರಡನೆಯದು ಇದಕ್ಕಿಂತ ದೊಡ್ಡದು. 1862ರ ಡಿಸೆಂಬರ್ 31ರಂದು ಮ್ಯಾಂಚೆಸ್ಟರಿನ ಕಾಮಗಾರರು ಸಭೆ ಸೇರಿದರು. ಹಸಿವು ಅವರ ಮನೆಯ ಬಾಗಿಲಲ್ಲಿತ್ತು. ದಿಗ್ಬಂಧನ ಮುರಿಯಿರಿ ಎಂದು ಅವರು ಕೂಗಬಹುದಾಗಿತ್ತು. ಕೂಗಲಿಲ್ಲ. ಗುಲಾಮಗಿರಿ ಅಳಿಯಬೇಕು, ನಾವು ನಿಮ್ಮ ಕಡೆಗಿದ್ದೇವೆ ಎಂದು ಲಿಂಕನನಿಗೆ ಪತ್ರ ಬರೆದರು. ಮುಂದಿನ ತಿಂಗಳು ಆತ ಅವರಿಗೆ ಗೌರವದಿಂದ ಉತ್ತರ ಕೊಟ್ಟ. ಸಮುದ್ರದ ಮೇಲೆ ನಡೆಯುವ ಯುದ್ಧದ ಬಗ್ಗೆ ಗಿರಣಿಯ ಕಾಮಗಾರನಿಗೂ ಒಂದು ಅಭಿಪ್ರಾಯವಿರಬಹುದು, ಅದು ಬರೇ ಹೊಟ್ಟೆಯ ಅಭಿಪ್ರಾಯವಾಗಿರಬೇಕಾಗಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ಗೋದಿಯಲ್ಲಿ ಸಿಡಿದ ಹಡಗು

ಎರಡನೆಯ ಮಹಾಯುದ್ಧದ ಕಾಲಕ್ಕೆ ಬರೋಣ. 1942ರ ಮಾರ್ಚಿನಲ್ಲಿ ರಂಗೂನ್ ಜಪಾನೀಯರ ಕೈಸೇರಿತು. ಏಪ್ರಿಲಿನಲ್ಲಿ ಅವರ ನೌಕೆಗಳು ಬಂಗಾಳ ಕೊಲ್ಲಿಗೆ ನುಗ್ಗಿ ಸರಕುಹಡಗುಗಳನ್ನು ಮುಳುಗಿಸಿದವು. ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಬಾಂಬು ಬಿತ್ತು. ಬರ್ಮಾದ ಅಕ್ಕಿ ನಿಂತಿತು. ಶತ್ರು ಬಂದರೆ ಅವನಿಗೆ ದೋಣಿ ಸಿಗಬಾರದೆಂದು ಬಂಗಾಳದ ಬಡ ಅಂಬಿಗರ, ಬೆಸ್ತರ ದೋಣಿಗಳನ್ನು ಸರಕಾರವೇ ಕಿತ್ತುಕೊಂಡಿತು, ನಾಶಮಾಡಿತು. 1943ರ ಬಂಗಾಳದ ಕ್ಷಾಮಕ್ಕೆ ಕಾರಣಗಳು ಹಲವು. ದಾಸ್ತಾನುಗಾರರ ದುರಾಸೆಯೂ ಸರಕಾರದ ಉದಾಸೀನವೂ ಅದರಲ್ಲಿವೆ. ಆದರೆ ಕಡಲ ದಾರಿ ಕಡಿದದ್ದೂ ದೋಣಿ ಕಿತ್ತದ್ದೂ ಆ ಕಾರಣಗಳಲ್ಲಿ ಸೇರಿವೆ. ಸುಮಾರು 30 ಲಕ್ಷ ಜನ ಸತ್ತರೆಂದು ಲೆಕ್ಕ. ಅವರಲ್ಲಿ ಯುದ್ಧನೌಕೆಯನ್ನು ಕಣ್ಣಿನಿಂದ ಕಂಡವರು ಎಷ್ಟು ಜನ ಇದ್ದಾರು?

ಅದೇ ಯುದ್ಧ ಮುಂಬಯಿಯ ಮನೆಬಾಗಿಲಿಗೂ ಬಂತು, ಶತ್ರುವಿನ ಕೈಯಿಂದ ಅಲ್ಲ, ನಮ್ಮನ್ನಾಳುತ್ತಿದ್ದವರ ಅಜಾಗರೂಕತೆಯಿಂದ. 1944ರ ಏಪ್ರಿಲ್ 14. ವಿಕ್ಟೋರಿಯಾ ಗೋದಿಯಲ್ಲಿ 'ಫೋರ್ಟ್ ಸ್ಟಿಕಿನ್' ಎಂಬ ಹಡಗು ನಿಂತಿತ್ತು. ಅದರ ಹೊಟ್ಟೆಯಲ್ಲಿ ಸುಮಾರು 1,400 ಟನ್ ಮದ್ದುಗುಂಡು. ಅದರೊಡನೆ ಕರಾಚಿಯಲ್ಲಿ ತುಂಬಿಸಿದ ಸಾವಿರಾರು ಹತ್ತಿಯ ಮೂಟೆ. ಹತ್ತಿಯ ಗುಣ ನಮ್ಮ ಗಿರಣಿಯವರಿಗೆ ಗೊತ್ತು. ಒಂದು ಕಿಡಿ ಒಳಹೊಕ್ಕರೆ ಮೂಟೆ ಹೊರಗೆ ತಣ್ಣಗಿದ್ದು ಒಳಗೇ ಬೇಯುತ್ತದೆ. ಮದ್ದಿನ ಪಕ್ಕ ಹತ್ತಿ ಇಡಬಾರದೆಂದು ಬ್ಲೋರೂಮಿನಲ್ಲಿ ಒಂದು ವರ್ಷ ದುಡಿದ ಹುಡುಗನೂ ಹೇಳಿಯಾನು. ಯುದ್ಧದ ಆತುರದಲ್ಲಿ ಅದನ್ನು ಕೇಳುವವರಿರಲಿಲ್ಲ. ಮಧ್ಯಾಹ್ನ ಹೊಗೆ ಕಂಡಿತು. ನಾಲ್ಕು ಗಂಟೆಯ ಸುಮಾರಿಗೆ ಹಡಗು ಸಿಡಿಯಿತು. ಅರ್ಧ ಗಂಟೆಯೊಳಗೆ ಎರಡನೆಯ ಸಲ ಸಿಡಿಯಿತು. ಲೆಕ್ಕಕ್ಕೆ ಸಿಕ್ಕ ಹೆಣಗಳೇ 700ಕ್ಕೂ ಹೆಚ್ಚು. ಗೋದಿಯ ಎಷ್ಟು ಮಂದಿ ಕೂಲಿಗಳು ಲೆಕ್ಕಕ್ಕೆ ಸಿಕ್ಕದೇ ಹೋದರೋ ದೇವರೇ ಬಲ್ಲ. ಬೆಂಕಿ ಆರಿಸಲು ಹೋದ 66 ಮಂದಿ ಅಗ್ನಿಶಾಮಕದವರು ಹಿಂತಿರುಗಲಿಲ್ಲ. ಸುಮಾರು 80 ಸಾವಿರ ಜನ ಮನೆ ಕಳೆದುಕೊಂಡರು. ರೇಶನ್ನಿನ ಆ ಕಾಲದಲ್ಲಿ 50 ಸಾವಿರ ಟನ್ನಿಗೂ ಹೆಚ್ಚು ಧಾನ್ಯ ಬೂದಿಯಾಯಿತು.

ಆ ಹಡಗಿನಲ್ಲಿ ಬಂಗಾರದ ಗಟ್ಟಿಗಳೂ ಇದ್ದವು. ಮುಂದೆ ಎಷ್ಟೋ ವರ್ಷಗಳ ತನಕ ಗೋದಿಯ ಕೆಸರು ತೆಗೆಯುವಾಗ ಗಟ್ಟಿಗಳು ಸಿಗುತ್ತಿದ್ದವು. ಸಿಕ್ಕಾಗಲೆಲ್ಲ ಪತ್ರಿಕೆಯಲ್ಲಿ ಸುದ್ದಿ. ಆ ಕೆಸರಿನಲ್ಲೇ ಕರಗಿಹೋದ ಕೂಲಿಕಾರನ ಸುದ್ದಿಯನ್ನು ಯಾರೂ ಬರೆಯಲಿಲ್ಲ.

ಅನ್ನದ ಮಾತಿನಿಂದ ಎದ್ದ ದಂಗೆ

ನೌಕಾದಳವೆಂದರೆ ಕಬ್ಬಿಣದ ಹಡಗು ಮಾತ್ರವಲ್ಲ. ಅದರೊಳಗೆ ಇರುವವನೂ ಪಾಳಿಯ ಮೇಲೆ ದುಡಿಯುವ, ಪಗಾರಕ್ಕೆ ಕಾಯುವ, ಊರಿಗೆ ಮನಿಯಾರ್ಡರು ಕಳಿಸುವ ನಮ್ಮಂಥವನೇ. ಇದು ಮುಂಬಯಿಗೆ ಸ್ಪಷ್ಟವಾಗಿ ಗೊತ್ತಾದದ್ದು 1946ರಲ್ಲಿ. ಆ ಫೆಬ್ರವರಿ 18ರಂದು ಕೊಲಾಬದ 'ತಲವಾರ್' ನೌಕಾ ಠಾಣ್ಯದ ನಾವಿಕರು ಕೆಟ್ಟ ಊಟವನ್ನು ಒಲ್ಲೆವೆಂದು ಮುಷ್ಕರ ಹೂಡಿದರು. ಊಟ ನೆಪ, ಒಳಗೆ ಇದ್ದದ್ದು ಗೋರಾ ಅಧಿಕಾರಿಗಳ ಬೈಗುಳ, ಪಗಾರದ ತಾರತಮ್ಯ, ಆಜಾದ್ ಹಿಂದ್ ಸೇನೆಯವರನ್ನು ಬಿಡಬೇಕೆಂಬ ಹಟ. ಎರಡು ಮೂರು ದಿನಗಳಲ್ಲಿ 78 ಹಡಗುಗಳಿಗೂ ದಡದ 20 ಠಾಣ್ಯಗಳಿಗೂ ಅದು ಹಬ್ಬಿತು. 20 ಸಾವಿರ ನಾವಿಕರು ಸೇರಿದರು. ಅಧಿಕಾರಿಗಳು ಅನ್ನ ನೀರು ತಡೆಯಲು ನೋಡಿದಾಗ ಮುಂಬಯಿಯ ಜನ ಗೇಟ್‌ವೇ ಬಳಿಗೆ ಊಟ ಕಟ್ಟಿ ತಂದುಕೊಟ್ಟರು.

ಫೆಬ್ರವರಿ 22ರಂದು ಗಿರಣಿಗಳ ಕಾಮಗಾರರು ನಾವಿಕರ ಬೆಂಬಲಕ್ಕಾಗಿ ಕೆಲಸ ಬಿಟ್ಟು ಹೊರಬಂದರು. ಪರೇಲಿನ ಬೀದಿಗಳಲ್ಲಿ ಸೈನ್ಯ ಗುಂಡು ಹಾರಿಸಿತು. ಮುಂಬಯಿಯಲ್ಲಿ 200ಕ್ಕೂ ಹೆಚ್ಚು ಜನ ಸತ್ತರು, ಸಾವಿರಕ್ಕೂ ಹೆಚ್ಚು ಜನ ಗಾಯಗೊಂಡರು. ದೊಡ್ಡ ನಾಯಕರು ಬೆನ್ನಿಗೆ ನಿಲ್ಲಲಿಲ್ಲ. ವಲ್ಲಭಭಾಯಿ ಪಟೇಲರ ಸಲಹೆಯಂತೆ ನಾವಿಕರು 23ರಂದು ಶರಣಾದರು. ನೂರಾರು ಮಂದಿ ನೌಕರಿ ಕಳೆದುಕೊಂಡರು. ಆದರೆ ಹಡಗನ್ನು ನಡೆಸುವವನೇ ಕೈಬಿಟ್ಟರೆ ಸಾಮ್ರಾಜ್ಯ ಉಳಿಯದೆಂಬುದು ಇಂಗ್ಲೀಷರಿಗೆ ಆ ವಾರ ಮನದಟ್ಟಾಯಿತು. ಅದಾಗಿ ಒಂದೂವರೆ ವರ್ಷಕ್ಕೆ ಅವರು ಗಂಟು ಕಟ್ಟಿದರು. ಅನ್ನ ಬಡಿಸುವುದನ್ನೇ ವೃತ್ತಿ ಮಾಡಿಕೊಂಡ ನಾವು, ಒಂದು ತಟ್ಟೆ ಕೆಟ್ಟ ಅನ್ನದಿಂದ ಎಂಥ ಕಿಚ್ಚು ಏಳಬಲ್ಲದೆಂಬುದನ್ನು ಈ ಕಥೆಯಿಂದ ನೆನಪಿಡಬೇಕು.

ಕಾಯುವವರ ಋಣ

ಇಷ್ಟು ಹೇಳಿದ ಮಾತ್ರಕ್ಕೆ ನಾವು ನೌಕಾದಳ ಬೇಡವೆನ್ನುವವರಲ್ಲ. ಹಾಗೆನ್ನುವುದು ಬಾಗಿಲಿಲ್ಲದ ಮನೆಯಲ್ಲಿ ಮಲಗುತ್ತೇನೆಂದ ಹಾಗೆ. ಮಂಗಳೂರು, ಕಾರವಾರ ಕಡೆಯಿಂದ ಮುಂಬಯಿಗೆ ಆಗಬೋಟಿನಲ್ಲಿ ಬಂದ ಹಿರಿಯರನ್ನು ಕೇಳಿರಿ. ಕಾರವಾರದ ಎದುರಿಗೇ ಇರುವ ಅಂಜುದ್ವೀಪದಲ್ಲಿ ಪೋರ್ತುಗೀಜರ ಕಾವಲು ಪಡೆಯಿತ್ತು. 1961ರ ನವೆಂಬರಿನಲ್ಲಿ ಆ ದ್ವೀಪದಿಂದ 'ಸಾಬರಮತಿ' ಎಂಬ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿತು. ಡಿಸೆಂಬರ್ 18ರಂದು 'ತ್ರಿಶೂಲ್' ನೌಕೆಯ ನಾವಿಕರು ಆ ದ್ವೀಪದ ಮೇಲೆ ಇಳಿದರು. ಅಲ್ಲಿ ನಮ್ಮ ನೌಕಾದಳದ 7 ಮಂದಿ ಪ್ರಾಣ ಕೊಟ್ಟರು. ಮರುದಿನ ಗೋವೆಯೇ ಬಿಡುಗಡೆಯಾಯಿತು. ನಾಲ್ಕೂವರೆ ಶತಮಾನದ ರಹದಾರಿ ಚೀಟಿಯ ಕಥೆ ನಮ್ಮ ಊರಿನ ಕಣ್ಣೆದುರಿಗೇ ಮುಗಿಯಿತು.

1971ರಲ್ಲಿ ಡಿಸೆಂಬರ್ 4ರ ರಾತ್ರಿ ನಮ್ಮ ಕ್ಷಿಪಣಿ ದೋಣಿಗಳು ಕರಾಚಿಯ ಬಾಗಿಲಿಗೆ ಹೋಗಿ ಹೊಡೆದವು. ನೌಕಾದಿನ ಆ ರಾತ್ರಿಯ ನೆನಪು. ನಾಲ್ಕು ದಿನ ಬಿಟ್ಟು ನಡೆದ ಎರಡನೆಯ ದಾಳಿಯಲ್ಲಿ ಅಲ್ಲಿಯ ಎಣ್ಣೆಯ ಟಾಂಕಿಗಳು ಹೊತ್ತಿ ಉರಿದವು. ಪೂರ್ವದಲ್ಲಿ 'ವಿಕ್ರಾಂತ'ದ ವಿಮಾನಗಳು ಚಿತ್ತಗಾಂಗ್, ಕಾಕ್ಸ್ ಬಜಾರಗಳ ದಾರಿ ಮುಚ್ಚಿದವು. ಸಮುದ್ರದ ಕಡೆಯಿಂದ ತಪ್ಪಿಸಿಕೊಳ್ಳಲು ದಾರಿಯಿಲ್ಲದ ಕಾರಣವೂ ಸೇರಿಯೇ ಡಿಸೆಂಬರ್ 16ರಂದು ಢಾಕಾದಲ್ಲಿ ಶತ್ರುಸೈನ್ಯ ಶರಣಾಯಿತು. ಬಾಂಗ್ಲಾ ದೇಶ ಹುಟ್ಟಿತು. ಆದರೆ ಗೆಲುವಿನ ಲೆಕ್ಕದಲ್ಲಿಯೂ ಖರ್ಚಿನ ಕಲಮು ಇದೆ. ಡಿಸೆಂಬರ್ 9ರ ರಾತ್ರಿ ದೀವ್ ಬಳಿ 'ಖುಕ್ರಿ' ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ನೀರುಪಾಲಾದರು. ಕಪ್ತಾನ ಮಹೇಂದ್ರನಾಥ ಮುಲ್ಲಾ ತನ್ನ ಹಡಗನ್ನು ಬಿಡಲಿಲ್ಲ. ಕರಾಚಿಯ ಎದುರು ಮುಳುಗಿದ ಹಡಗುಗಳಲ್ಲಿ ಒಂದು ಸರಕುಹಡಗು. ಅದರ ಖಲಾಸಿಗಳು ಯಾವ ದೇಶದ ಮೇಲೂ ಯುದ್ಧ ಸಾರಿದವರಲ್ಲ. ಅವರಿಗೂ ಮನೆಗಳಿದ್ದವು.

2008ರ ನವೆಂಬರಿನಲ್ಲಿ ಹತ್ತು ಮಂದಿ ಕೊಲೆಗಾರರು 'ಕುಬೇರ' ಎಂಬ ಮೀನುದೋಣಿ ಹಿಡಿದು, ಅದರವರನ್ನು ಕೊಂದು, ಈ ನಗರದ ದಡಕ್ಕೆ ಇಳಿದರು. 166 ಜನ ಸತ್ತರು. ಅವರಲ್ಲಿ ಹೋಟೆಲಿನ ಕೆಲಸಗಾರರಿದ್ದರು, ರೈಲು ಕಾಯುತ್ತಿದ್ದ ಕೂಲಿಗಳಿದ್ದರು. ಕಡಲ ಬಾಗಿಲು ತೆರೆದಿದ್ದರೆ ಮೊದಲು ಸಾಯುವವನು ಬಡವನೇ ಎಂಬುದು ಆ ರಾತ್ರಿ ಕಂಡ ಸತ್ಯ.

ಕಾವಲಿನ ಇನ್ನೊಂದು ಮುಖವನ್ನೂ ನೋಡಬೇಕು. 2015ರಲ್ಲಿ ಯೆಮನಿನಲ್ಲಿ ಕಾದಾಟ ಹತ್ತಿದಾಗ, ಅಲ್ಲಿ ಹೊಟ್ಟೆಪಾಡಿಗೆ ಹೋದ ನಮ್ಮವರನ್ನು 'ಸುಮಿತ್ರಾ', 'ಮುಂಬಯಿ', 'ತರ್ಕಶ್' ನೌಕೆಗಳು ಬಂದರಿಗೆ ಹೋಗಿ ಹತ್ತಿಸಿಕೊಂಡು ಬಂದವು. ನಲವತ್ತಕ್ಕೂ ಹೆಚ್ಚು ದೇಶಗಳ ಜನರನ್ನೂ ಬಿಡಿಸಲಾಯಿತು. 2023ರ ನವೆಂಬರಿನಿಂದ ಕೆಂಪು ಸಮುದ್ರದಲ್ಲಿ ಯೆಮನಿನ ಹೂತಿಗಳು ಸರಕುಹಡಗುಗಳ ಮೇಲೆ ಕ್ಷಿಪಣಿ ಬಿಡತೊಡಗಿದಾಗ, ಅನೇಕ ಹಡಗುಗಳು ಸೂಯೆಜ್ ಬಿಟ್ಟು ಆಫ್ರಿಕಾ ಖಂಡವನ್ನೇ ಸುತ್ತಿಕೊಂಡು ಹೋದವು. ಹತ್ತು ಹದಿನಾಲ್ಕು ದಿನ ಹೆಚ್ಚು ಪ್ರಯಾಣ, ಹೆಚ್ಚು ಎಣ್ಣೆ, ಹೆಚ್ಚು ವಿಮೆ. ಆಗ 2024ರ ಮಾರ್ಚ್ 6ರಂದು ಏಟು ತಿಂದ 'ಟ್ರೂ ಕಾನ್ಫಿಡೆನ್ಸ್' ಹಡಗಿನ ಮೂವರು ನಾವಿಕರು ಸತ್ತರು. ಉಳಿದ 21 ಮಂದಿಯನ್ನು ನಮ್ಮ 'ಕೋಲ್ಕತಾ' ನೌಕೆ ನೀರಿನಿಂದ ಎತ್ತಿತು. ಹತ್ತು ದಿನ ಬಿಟ್ಟು ಅದೇ ನೌಕೆಯವರು, ಆಕಾಶದಿಂದಿಳಿದ ಕಮಾಂಡೋಗಳ ಜೊತೆಗೂಡಿ, ಕಡಲ್ಗಳ್ಳರ ವಶದಲ್ಲಿದ್ದ 'ರುಯೆನ್' ಹಡಗಿನಿಂದ 17 ಮಂದಿಯನ್ನು ಒಬ್ಬರಿಗೂ ಗಾಯವಾಗದಂತೆ ಬಿಡಿಸಿದರು. ಇಂಥ ಕೆಲಸಕ್ಕೆ ನಮ್ಮ ನಮಸ್ಕಾರ.

ಇದರಲ್ಲಿ ನಮ್ಮ ಸ್ವಾರ್ಥವೂ ಇದೆ. 2024ರ ಲೆಕ್ಕದಂತೆ ನಮ್ಮ ದೇಶ ಉರಿಸಿದ ಅಡಿಗೆ ಅನಿಲದಲ್ಲಿ ನೂರಕ್ಕೆ ಸುಮಾರು 60 ಪಾಲು ಹೊರದೇಶದ್ದು. ಅದರಲ್ಲಿ ಬಹುಪಾಲು ಪರ್ಶಿಯನ್ ಕೊಲ್ಲಿಯಿಂದ ಹಾರ್ಮುಜ್ ಎಂಬ ಕಿರಿದಾದ ಜಲಸಂಧಿ ದಾಟಿ ಬಂದದ್ದು. ಜಗತ್ತು ಸುಟ್ಟ ಎಣ್ಣೆಯಲ್ಲಿ ಐದನೆಯ ಒಂದು ಪಾಲು ಆ ವರ್ಷ ಅದೇ ಜಲಸಂಧಿಯಿಂದ ಹೊರಬಂತು. ಬೆಳಗಿನ ನಾಲ್ಕಕ್ಕೆ ಎದ್ದು ಇಡ್ಲಿಯ ಒಲೆ ಹಚ್ಚುವವನ ಕೈಯಲ್ಲಿರುವ ಬೆಂಕಿ ಅಷ್ಟು ದೂರದಿಂದ, ಅಷ್ಟು ಕಿರಿದಾದ ಬಾಗಿಲಿನಿಂದ ಬರುತ್ತದೆ.

ಕಾರವಾರದವರ ಪಾಲು

ಈಗ ನಮ್ಮ ಮನೆಯ ಮಾತಿಗೆ ಬರುತ್ತೇವೆ. 1986ರ ಅಕ್ಟೋಬರಿನಲ್ಲಿ ಪ್ರಧಾನಿ ರಾಜೀವ ಗಾಂಧಿಯವರು ಕಾರವಾರದ ಬಳಿ ದೊಡ್ಡ ನೌಕಾನೆಲೆಗೆ ಅಡಿಗಲ್ಲಿಟ್ಟರು. ಮುಂಬಯಿಯ ಬಂದರು ಇಕ್ಕಟ್ಟಾಗಿದೆ, ಶತ್ರುವಿನ ವಿಮಾನಕ್ಕೆ ಹತ್ತಿರವಾಗಿದೆ, ಕಾರವಾರದಲ್ಲಿ ಆಳವಾದ ನೀರೂ ಬೆಟ್ಟದ ಮರೆಯೂ ಇದೆ ಎಂಬುದು ಕಾರಣ. ಕಾರಣ ಸರಿಯಾದದ್ದೇ. 'ಸೀಬರ್ಡ್' ಎಂದು ಯೋಜನೆಗೆ ಹೆಸರಿಟ್ಟರು. 2005ರ ಮೇ 31ರಂದು 'ಕದಂಬ' ಎಂಬ ಹೆಸರಿನಲ್ಲಿ ನೆಲೆ ಆರಂಭವಾಯಿತು. ಸುಮಾರು 45 ಚದರ ಕಿಲೋಮೀಟರ್ ಜಾಗ, 26 ಕಿಲೋಮೀಟರ್ ಕಡಲದಂಡೆ. ಬನವಾಸಿಯ ಅರಸರ ಹೆಸರು ಯುದ್ಧನೆಲೆಗೆ ಬಂತೆಂದು ಕನ್ನಡಿಗರು ಹೆಮ್ಮೆಪಟ್ಟೆವು.

ಆದರೆ ಆ ದಂಡೆಯ ಮೇಲೆ ಮನೆಗಳಿದ್ದವು, ಬಲೆ ಒಣಗಿಸುವ ಮರಳಿತ್ತು, ದೇವರ ಗುಡಿಗಳಿದ್ದವು, ಗದ್ದೆಗಳಿದ್ದವು. ಸಾವಿರಾರು ಕುಟುಂಬಗಳು ಎದ್ದು ಹೋದವು. ಎದ್ದವರಲ್ಲಿ ಬಹಳ ಜನ ಮೀನುಗಾರರು, ಸಣ್ಣ ಹಿಡುವಳಿಯ ಒಕ್ಕಲುಗಳು. ಪರಿಹಾರ ಸಾಲದೆಂದು ಅವರು ಕೋರ್ಟಿಗೆ ಹೋದರು. ವರ್ಷಗಳಲ್ಲ, ದಶಕಗಳ ಕಾಲ ಅಲೆದರು. ದುಡ್ಡು ಕೈಗೆ ಬರುವ ಮೊದಲೇ ಕಣ್ಣು ಮುಚ್ಚಿದವರಿದ್ದಾರೆ. ಮೀನುಗಾರನಿಗೆ ಒಳನಾಡಿನಲ್ಲಿ ಸೈಟು ಕೊಟ್ಟರೆ ಅವನು ಅಲ್ಲಿ ಏನು ಹಿಡಿಯಬೇಕು? ಗಿರಣಿ ಮುಚ್ಚಿದ ಮೇಲೆ ಇದೇ ಪ್ರಶ್ನೆಯನ್ನು ಲಾಲಬಾಗ, ಪರೇಲಿನ ಚಾಳುಗಳಲ್ಲಿ ನಾವೂ ಕೇಳಿಕೊಂಡವರು. ಭೋಂಗಾ ನಿಂತ ಗಿರಣಿಯ ಜಾಗದಲ್ಲಿ ಗಗನಚುಂಬಿ ಎದ್ದುದನ್ನು ಕಂಡವರಿಗೆ ಕಾರವಾರದವರ ಸಂಕಟ ವಿವರಿಸಿ ಹೇಳಬೇಕಾಗಿಲ್ಲ.

ಸಮುದ್ರವೂ ಈಗ ಇಬ್ಬರ ಪಾಲಿಗಿದೆ. ಯುದ್ಧನೌಕೆಯೂ ಅಲ್ಲೇ, ಮೀನುದೋಣಿಯೂ ಅಲ್ಲೇ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ದೋಣಿ ಉಡುಪಿ ಮತ್ತು ಉತ್ತರ ಕನ್ನಡದ 7 ಮಂದಿಯ ಜೊತೆ ಕಾಣೆಯಾಯಿತು. 2019ರ ಮೇ ತಿಂಗಳಲ್ಲಿ ಮಾಲ್ವಣದ ಆಚೆ ಸಮುದ್ರದ ತಳದಲ್ಲಿ ಅದರ ಅವಶೇಷವನ್ನು ನೌಕಾದಳದ ಹಡಗೇ ಹುಡುಕಿ ತೆಗೆಯಿತು. ಹುಡುಕಿದ್ದು ಉಪಕಾರ. ಆದರೆ ಆ ನಾಲ್ಕೂವರೆ ತಿಂಗಳು ಆ 7 ಮನೆಗಳವರು ದಿನವೂ ಬಾಗಿಲು ನೋಡುತ್ತಾ ಕುಳಿತಿದ್ದರು. ಕಡಲಿಗೆ ಹೋದ ಬಡವನ ಮನೆಗೆ ಸುದ್ದಿ ಬೇಗ ಮುಟ್ಟಬೇಕು, ಪರಿಹಾರ ಬೇಗ ಸಿಗಬೇಕು. ಇದು ದೊಡ್ಡ ಬೇಡಿಕೆಯಲ್ಲ.

ನಮ್ಮ ಅಭಿಪ್ರಾಯ

ಒಟ್ಟಿನಲ್ಲಿ ನಾವು ಹೇಳಬಯಸುವುದು ಇಷ್ಟು. ಸಮುದ್ರದ ಕಾವಲು ಬೇಕು. ಅದಕ್ಕೆ ತಗಲುವ ಖರ್ಚಿನಲ್ಲಿ ನಮ್ಮ ಪಾಲು ಕೊಡಲು ನಾವು ಹಿಂಜರಿಯುವವರಲ್ಲ. ಆದರೆ ಕಾವಲು ಬೇರೆ, ಕಾಳಗದ ಹುಮ್ಮಸ್ಸು ಬೇರೆ. ಕರಾಚಿ ಸುಡಲಿ, ಇನ್ನೊಂದು ಬಂದರು ಮುಳುಗಲಿ ಎಂದು ಚಹದ ಮೇಜಿನ ಮುಂದೆ ಕೂತು ಕೂಗುವುದು ಸುಲಭ. ಆ ಬಂದರಿನಲ್ಲಿ ಮೂಟೆ ಹೊರುವವನೂ ನಮ್ಮಂಥವನೇ ಎಂಬುದು ಆ ಕೂಗಿನಲ್ಲಿ ಮರೆಯಾಗಬಾರದು. ಗೂಳಿಗಳ ಕಾದಾಟದಲ್ಲಿ ತುಳಿತಕ್ಕೆ ಸಿಕ್ಕುವ ಹುಲ್ಲು ಎರಡು ದಡದಲ್ಲಿಯೂ ಒಂದೇ ಬಣ್ಣದ್ದು.

ಎರಡನೆಯದಾಗಿ, ಯುದ್ಧದ ಹೆಸರಿನಲ್ಲಿ ಬೆಲೆ ಏರುವಾಗ ಆ ಭಾರ ದುಡಿಯುವವನೊಬ್ಬನ ಮೇಲೆ ಬೀಳಬಾರದು. ಹಡಗಿನ ಬಾಡಿಗೆ ಏರಿದಾಗ ಸಾಮಾನಿನ ಬೆಲೆ ಮರುದಿನವೇ ಏರುತ್ತದೆ. ಬಾಡಿಗೆ ಇಳಿದಾಗ ಬೆಲೆ ಇಳಿದದ್ದನ್ನು ಕಂಡವರು ಯಾರು? ಸಣ್ಣ ಹೋಟೆಲಿನ ಮಾಲಕನೂ ಇದರಲ್ಲಿ ನೊಂದವನೇ ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಎಣ್ಣೆ, ಅನಿಲಗಳ ಏರಿಕೆಯನ್ನು ಗಿರಾಕಿಯ ಬಿಲ್ಲಿಗೆ ಸೇರಿಸುವಾಗ, ಅದೇ ಎಣ್ಣೆ ಅನಿಲಗಳನ್ನು ಮನೆಗೂ ಕೊಳ್ಳಬೇಕಾದ ಮಾಣಿಯ, ಅಡಿಗೆಯವನ, ತಟ್ಟೆ ತೊಳೆಯುವವನ ತುಟ್ಟಿಭತ್ಯವನ್ನೂ ಸೇರಿಸತಕ್ಕದ್ದು. ಇಬ್ಬರೂ ಕೂತು ಲೆಕ್ಕ ಮಾಡಿದರೆ ದಾರಿ ಸಿಗದೆ ಇರದು.

ಮೂರನೆಯದಾಗಿ, ದೇಶದ ರಕ್ಷಣೆಗಾಗಿ ನೆಲ ಬಿಟ್ಟುಕೊಟ್ಟ ಕಾರವಾರ, ಅಂಕೋಲೆಗಳ ಜನರನ್ನು ದೇಶ ಯೋಧರ ಸಾಲಿನಲ್ಲಿಯೇ ಕಾಣಬೇಕು. ಅವರು ಕೊಟ್ಟದ್ದು ರಕ್ತವಲ್ಲದಿರಬಹುದು, ಊರನ್ನೇ ಕೊಟ್ಟಿದ್ದಾರೆ. ಪರಿಹಾರದ ಬಾಕಿ ಎಲ್ಲಿ ಉಳಿದಿದೆಯೋ ಅಲ್ಲಿ ತೀರಬೇಕು. ನೆಲೆಯ ಕೆಲಸಗಳಲ್ಲಿ ಅವರ ಮಕ್ಕಳಿಗೆ ಮೊದಲ ಹಕ್ಕು ಸಿಗಬೇಕು, ಅದೂ ಗುತ್ತಿಗೆಯ ಕಸಗುಡಿಸುವ ಕೆಲಸವಲ್ಲ, ಖಾಯಂ ಕೆಲಸ.

ನಾಲ್ಕನೆಯದು ನಮ್ಮ ನಮ್ಮೊಳಗಿನ ಮಾತು. ನಮ್ಮ ದೇಶದ ಎರಡು ಲಕ್ಷಕ್ಕೂ ಮಿಗಿಲು ಜನ ಪರದೇಶದ, ಸ್ವದೇಶದ ಸರಕುಹಡಗುಗಳಲ್ಲಿ ದುಡಿಯುತ್ತಾರೆ. ಯುದ್ಧದ ನೀರಿನಲ್ಲಿ ಹೋಗಲೊಲ್ಲೆನೆನ್ನುವ ಹಕ್ಕು ಅವರಿಗೆ ಕಾಗದದ ಮೇಲೆ ಇದ್ದರೆ ಸಾಲದು. ಮುಂದಿನ ಕೆಲಸ ತಪ್ಪೀತೆಂಬ ಹೆದರಿಕೆ ಇಲ್ಲದೆ ಅದನ್ನು ಹೇಳುವಂತಿರಬೇಕು. ಅವರ ಸಂಘಗಳು ಈ ಬಗ್ಗೆ ದನಿಯೆತ್ತಿದಾಗ ಹೋಟೆಲಿನವರು, ಗಿರಣಿಯವರು ನಮಗೇನೆಂದು ಸುಮ್ಮನಿರಬಾರದು. 1946ರಲ್ಲಿ ನಮ್ಮ ಹಿರಿಯರು ಸುಮ್ಮನಿರಲಿಲ್ಲ. ಕೆಲಸ ಬಿಟ್ಟು ಹೊರಗೆ ಬಂದರು, ಗೇಟ್‌ವೇಗೆ ಅನ್ನ ಹೊತ್ತರು.

ಮುಂದಿನ ರಜೆಯ ದಿನ ಗೇಟ್‌ವೇ ಕಡೆಗೆ ಹೋದವರು ಹಡಗನ್ನು ಧಾರಾಳವಾಗಿ ನೋಡಿ ಬನ್ನಿ, ಮಕ್ಕಳಿಗೂ ತೋರಿಸಿ. ಜೊತೆಗೆ, ಅದೇ ನೀರಿನಲ್ಲಿ 1946ರಲ್ಲಿ ನಿಂತಿದ್ದ ಹಡಗುಗಳ ಕಥೆಯನ್ನೂ, ಸ್ವಲ್ಪ ಆಚೆ ಗೋದಿಯಲ್ಲಿ 1944ರಲ್ಲಿ ಸತ್ತ ಕೂಲಿಗಳ ಕಥೆಯನ್ನೂ ಅವರಿಗೆ ಹೇಳಿ. ಆ ಕೂಲಿಗಳಲ್ಲಿ ಅನೇಕರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ನಾವು ಹೇಳದಿದ್ದರೆ ಹೇಳುವವರು ಬೇರೆ ಯಾರೂ ಇಲ್ಲ.